ಚಿಕ್ಕಮಗಳೂರಿನಲ್ಲೇ ಇದ್ದು ಡಿಸೈನ್ ಮತ್ತು ಐಟಿ ಸಪೋರ್ಟ್ ಎರಡನ್ನೂ ಒಂದೇ ಕಸುಬಾಗಿ ಮಾಡಿಕೊಳ್ಳುವುದು ಹೇಗೆ?

ಡಿಗ್ರಿ ಮುಗಿದ ಮೇಲೆ ನಾನು ಮೊದಲು ಸೇರಿದ್ದು ಒಂದು ಪ್ರಿಂಟಿಂಗ್ ಪ್ರೆಸ್‌ಗೆ, ಡಿಟಿಪಿ ಕೆಲಸಕ್ಕೆ, ಅಂದರೆ ಕಂಪ್ಯೂಟರ್‌ನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವುದಕ್ಕೆ. ಅಲ್ಲಿ ಒಂದು ಮದುವೆ ಸೀಸನ್‌ನಲ್ಲಿ 500 ಲಗ್ನಪತ್ರಿಕೆ ಹಾಳಾದವು. ಹಿಂದಿನ ದಿನವಷ್ಟೇ ಕಂಪ್ಯೂಟರ್ ಫಾರ್ಮ್ಯಾಟ್ ಆಗಿತ್ತು. ಫಾರ್ಮ್ಯಾಟ್ ಮಾಡಿದವರು ಕನ್ನಡ ಫಾಂಟ್ ಮತ್ತೆ ಹಾಕಿಕೊಟ್ಟಿದ್ದರು, ಆದರೆ ಅದು ಬೇರೆ ಆವೃತ್ತಿಯದ್ದು. ಪುಟ ತೆರೆದರೆ ಎಲ್ಲ ಸರಿಯಾಗೇ ಕಾಣುತ್ತಿತ್ತು. ಎರಡು ಒತ್ತಕ್ಷರ ಮಾತ್ರ ಬದಲಾಗಿದ್ದವು, ಅದೂ ಮದುಮಗಳ ಹೆಸರಿನಲ್ಲೇ. ಅವಳ ಅಪ್ಪ ಆ ಕಾರ್ಡ್ ಕೈಯಲ್ಲಿ ಹಿಡಿದು ಏನೂ ಮಾತಾಡದೆ ನಿಂತಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ನಮ್ಮ ಡಿಸೈನರ್‌ಗೆ ಕಂಪ್ಯೂಟರ್ ಒಳಗೆ ಏನಾಯಿತು ಅನ್ನುವುದು ಗೊತ್ತಿರಲಿಲ್ಲ. ಸರ್ವೀಸ್‌ನವರಿಗೆ ಕನ್ನಡ ಅಕ್ಷರ ಹೇಗೆ ಕೂರುತ್ತದೆ ಅನ್ನುವುದು ಗೊತ್ತಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಕೆಲಸ ಬಲ್ಲವರೇ. ಆದರೆ ಇಬ್ಬರ ನಡುವೆ ಒಂದು ಜಾಗ ಖಾಲಿ ಇತ್ತು. ನಮ್ಮಂಥ ಊರಿನಲ್ಲಿ ಆ ಖಾಲಿ ಜಾಗದಲ್ಲಿ ನಿಲ್ಲುವವರಿಗೆ ಕೈತುಂಬ ಕೆಲಸ ಇದೆ ಅಂತ ನನಗೆ ಹೊಳೆದದ್ದು ಆವತ್ತೇ.

ಚಿತ್ರ ಬರೆಯುವುದೂ ಇಷ್ಟ, ಕೆಟ್ಟ ಕಂಪ್ಯೂಟರ್ ಬಿಚ್ಚಿ ನೋಡುವುದೂ ಇಷ್ಟ ಅನ್ನುವ ಹುಡುಗ ಹುಡುಗಿಯರು ತುಂಬಾ ಜನ ಇದ್ದಾರೆ. ಅವರಿಗೆ ಮನೆಯಲ್ಲಿ ಹೇಳುವುದು ಒಂದೇ ಮಾತು, "ಎರಡರಲ್ಲಿ ಒಂದು ಹಿಡಿ." ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಅದು ಸರಿ ಇರಬಹುದು. ಅಲ್ಲಿ ಡಿಸೈನ್‌ಗೆ ಒಂದು ವಿಭಾಗ, ಹೆಲ್ಪ್‌ಡೆಸ್ಕ್‌ಗೆ ಇನ್ನೊಂದು. ಇಲ್ಲಿ ಹೋಮ್‌ಸ್ಟೇ ನಡೆಸುವವರ ಫೋನಿನಲ್ಲಿ "ಕಂಪ್ಯೂಟರ್ ಹುಡುಗ" ಅಂತ ಒಂದೇ ನಂಬರ್ ಇರುತ್ತದೆ. ಆ ನಂಬರ್ ನಿಮ್ಮದಾಗಬೇಕಾದರೆ ಏನೇನು ಮಾಡಬೇಕು ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 1: ಒಂದು ವಾರ ಊರು ನೋಡಿ

ಕೋರ್ಸ್ ಹುಡುಕುವ ಮೊದಲು ಒಂದು ನೋಟ್‌ಬುಕ್ ಹಿಡಿದು ಹೊರಡಿ. ಎಂ.ಜಿ. ರಸ್ತೆ, ಐ.ಜಿ. ರಸ್ತೆ, ಮಾರ್ಕೆಟ್ ರಸ್ತೆಯಲ್ಲಿ ನಡೆದು ಬೋರ್ಡ್‌ಗಳನ್ನು ಓದಿ. ಎಲ್ಲಿ ಕನ್ನಡ ತಪ್ಪಾಗಿದೆ, ಎಲ್ಲಿ ಅಕ್ಷರ ಒಂದಕ್ಕೊಂದು ಮೆತ್ತಿಕೊಂಡಿದೆ, ಎಲ್ಲಿ ಫೋನ್ ನಂಬರ್ ಹೆಸರಿಗಿಂತ ದೊಡ್ಡದಾಗಿದೆ, ಎಲ್ಲ ಬರೆದುಕೊಳ್ಳಿ. ಆಮೇಲೆ ಪರಿಚಯದ ಮೂರು ನಾಲ್ಕು ಕಡೆ ಹೋಗಿ ಕೂತು ಮಾತಾಡಿ. ಒಂದು ಮೆಡಿಕಲ್ ಶಾಪ್, ಒಂದು ಶಾಲೆಯ ಆಫೀಸು, ಒಂದು ಹೋಮ್‌ಸ್ಟೇ, ಒಂದು ಎಸ್ಟೇಟ್ ಆಫೀಸು. ಎಸ್ಟೇಟ್‌ನಲ್ಲಿ ಸಾಹುಕಾರರಿಗಿಂತ ರೈಟರ್ (ತೋಟದ ಗುಮಾಸ್ತರು) ಹತ್ತಿರ ಮಾತಾಡಿದರೆ ಜಾಸ್ತಿ ವಿಷಯ ಗೊತ್ತಾಗುತ್ತದೆ. ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ) ಬರೆಯುವವರು ಅವರೇ, ಪ್ರಿಂಟರ್ ಕೈಕೊಟ್ಟಾಗ ಒದ್ದಾಡುವವರೂ ಅವರೇ.

ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ: ಹೋದ ತಿಂಗಳು ಕಂಪ್ಯೂಟರ್, ಪ್ರಿಂಟರ್, ನೆಟ್, ಬೋರ್ಡ್, ಬಿಲ್ ಬುಕ್, ಇದರಲ್ಲಿ ಯಾವುದಕ್ಕೆ ತಲೆಬಿಸಿ ಆಯಿತು? ಬಂದ ಉತ್ತರಗಳೇ ನಿಮ್ಮ ಸಿಲಬಸ್. ಯಾವ ಸಂಸ್ಥೆಯೂ ನಿಮ್ಮ ಊರಿಗೆ ಅಂತಲೇ ಇಷ್ಟು ಸರಿಯಾದ ಸಿಲಬಸ್ ಮಾಡಿಕೊಡುವುದಿಲ್ಲ.

ಹೆಜ್ಜೆ 2: ಅಕ್ಷರದಿಂದ ಶುರು ಮಾಡಿ

ಡಿಸೈನ್ ಕಲಿಯುವವರು ಸಾಮಾನ್ಯವಾಗಿ ಲೋಗೋದಿಂದ ಶುರು ಮಾಡುತ್ತಾರೆ. ನಾನು ಹೇಳುವುದು ಕನ್ನಡ ಅಕ್ಷರದಿಂದ ಶುರು ಮಾಡಿ ಅಂತ. ಡಿಸೈನ್ ಮತ್ತು ಕಂಪ್ಯೂಟರ್ ರಿಪೇರಿ ಎರಡೂ ಒಂದೇ ಆಗುವ ಜಾಗ ಇದು. ಇದನ್ನು ಸರಿಯಾಗಿ ಕಲಿತವರು ಕಡಿಮೆ, ಬೇಕಾದವರು ಬಹಳ.

ಮೊದಲು ಆಸ್ಕಿ ಮತ್ತು ಯೂನಿಕೋಡ್ ವ್ಯತ್ಯಾಸ ತಿಳಿದುಕೊಳ್ಳಿ. ಆಸ್ಕಿ ಪದ್ಧತಿಯ ಹಳೆಯ ನುಡಿ ಫಾಂಟ್‌ಗಳಲ್ಲಿ ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಕಾಣುತ್ತದೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. ಒಂದು ಫಾಂಟ್ ಇಲ್ಲದಿದ್ದರೂ ಇನ್ನೊಂದು ಫಾಂಟ್ ಅದನ್ನು ತೋರಿಸುತ್ತದೆ. ಆದರೆ ಎಷ್ಟೋ ಕಡೆ ಇವತ್ತಿಗೂ ಪೇಜ್‌ಮೇಕರ್ ಅನ್ನುವ ಹಳೆಯ ಪುಟ ಕಟ್ಟುವ ಸಾಫ್ಟ್‌ವೇರ್‌ನಲ್ಲೇ ಕೆಲಸ ನಡೆಯುತ್ತದೆ. ಅದರ ಕೊನೆಯ ದೊಡ್ಡ ಆವೃತ್ತಿ 7 ಬಂದಿದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ಗಿರಾಕಿ ವಾಟ್ಸ್ಯಾಪ್‌ನಲ್ಲಿ ಕಳಿಸಿದ ಕನ್ನಡವನ್ನು ಹಾಗೇ ಪೇಸ್ಟ್ ಮಾಡಲು ಬರುವುದಿಲ್ಲ, ಯೂನಿಕೋಡನ್ನು ಆಸ್ಕಿಗೆ ಬದಲಿಸುವ ಪರಿವರ್ತಕ ಬಳಸಬೇಕು. ಪರಿವರ್ತನೆ ಆದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಒಂದೊಂದಾಗಿ ನೋಡಬೇಕು. ಮದುವೆ ಕಾರ್ಡ್ ಆದರೆ ಮನೆಯವರಿಂದ ಪ್ರೂಫ್ ಹಾಳೆಯ ಮೇಲೆ ಸಹಿ ತೆಗೆದುಕೊಳ್ಳಿ. ಮೊಬೈಲ್‌ನಲ್ಲಿ ಚಿತ್ರ ಕಳಿಸಿ "ಓಕೆ" ಅನ್ನಿಸಿಕೊಂಡರೆ ಸಾಲದು. ಚಿಕ್ಕ ಸ್ಕ್ರೀನಿನಲ್ಲಿ ಒತ್ತಕ್ಷರ ಯಾರಿಗೂ ಕಾಣುವುದಿಲ್ಲ.

ಪುಟ ಕಟ್ಟುವ ಹೊಸ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಒಡೆದು ಕಂಡರೆ ಎಷ್ಟೋ ಜನ ಫಾಂಟ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ 'ವರ್ಲ್ಡ್ ರೆಡಿ' ಕಂಪೋಸರ್ ಆಯ್ಕೆ ಮಾಡಿದರೆ ಅದು ಸರಿಹೋಗುತ್ತದೆ. ಫೋಟೋಶಾಪ್‌ನಲ್ಲೂ ಇದೇ ಹೆಸರಿನ ಆಯ್ಕೆ ಇದೆ. ದುಡ್ಡಿಲ್ಲದೆ ಕಲಿಯಬೇಕಾದರೆ ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್ ಬಳಸಿ. ಅದು ಉಚಿತ, ಕನ್ನಡವನ್ನು ಚೆನ್ನಾಗಿ ಕೂರಿಸುತ್ತದೆ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಫಾಂಟ್‌ಗಳೂ ಉಚಿತ. ವ್ಯಾಪಾರಕ್ಕೆ ಬಳಸಲೂ ಅಡ್ಡಿಯಿಲ್ಲ.

ಇನ್ನೊಂದು ಚಿಕ್ಕ ವಿಷಯ. 'ಹೋಮ್‌ಸ್ಟೇ' ಅಂತ ಟೈಪ್ ಮಾಡುವಾಗ ಮ್ ಮತ್ತು ಸ್ಟೇ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಅದಿಲ್ಲದಿದ್ದರೆ 'ಹೋಮ್ಸ್ಟೇ' ಆಗಿ ಸ ಮತ್ತು ಟ ಎರಡೂ ಮ ಕೆಳಗೆ ಇಳಿಯುತ್ತವೆ. ನಮ್ಮ ಜಿಲ್ಲೆಯಲ್ಲಿ ಈ ಪದ ಬರೆಯದೆ ಒಂದು ದಿನವೂ ಕಳೆಯುವುದಿಲ್ಲ, ಅಲ್ವಾ? ನಿಮ್ಮ ಕೀಬೋರ್ಡ್‌ನಲ್ಲಿ ಅದನ್ನು ಹಾಕುವುದು ಹೇಗೆ ಅಂತ ಇವತ್ತೇ ಕಲಿಯಿರಿ.

ಬೋರ್ಡ್ ಮಾಡುವಾಗ ಒಂದು ಅಂದಾಜು ಲೆಕ್ಕ ಇಟ್ಟುಕೊಳ್ಳಿ. ಒಂದು ಇಂಚು ಎತ್ತರದ ಅಕ್ಷರವನ್ನು ಸುಮಾರು 10 ಅಡಿಯಿಂದ ಆರಾಮಾಗಿ ಓದಬಹುದು. 60 ಅಡಿಯಿಂದ ಕಾಣಬೇಕಾದರೆ 6 ಇಂಚು ಬೇಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬಿಡಿ. ಮೂಡಿಗೆರೆ ಕಡೆಯ ರಸ್ತೆಯಲ್ಲೋ, ಗಿರಿ ದಾರಿಯಲ್ಲೋ ಹಾಕುವ ಬೋರ್ಡ್ ಆದರೆ ಮಂಜನ್ನೂ ಲೆಕ್ಕಕ್ಕೆ ತಗೊಳ್ಳಿ. ಹಸಿರು ಹಿನ್ನೆಲೆಯ ಮೇಲೆ ಕಂದು ಅಕ್ಷರ ಸ್ಕ್ರೀನಿನಲ್ಲಿ ಚೆಂದ. ಜುಲೈ ತಿಂಗಳ ಮಂಜಿನಲ್ಲಿ ಅದು ಕಾಣುವುದೇ ಇಲ್ಲ.

ನಿಯಮವೂ ಗೊತ್ತಿರಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ಅಂಗಡಿ ಬೋರ್ಡ್‌ನಲ್ಲಿ ಶೇ. 60 ಭಾಗ ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿ ಇರಬೇಕು. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿದೆ. ಹಾಗಾಗಿ ಬಟ್ಟೆ ಬ್ಯಾನರ್‌ಗೆ ಫೈಲ್ ಮಾಡುವುದನ್ನು ಕಲಿಯಿರಿ. ಬಟ್ಟೆಯ ಮೇಲೆ ತೆಳು ಗೆರೆ ನಿಲ್ಲುವುದಿಲ್ಲ.

ಹೆಜ್ಜೆ 3: ಯಂತ್ರದ ಕಡೆಗೆ ತಿರುಗಿ

ಇದಕ್ಕೆ ಓದುವ ದಾರಿಗಳು ಸ್ಪಷ್ಟವಾಗಿವೆ. ಐಟಿಐನಲ್ಲಿ ಕೋಪಾ (ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್) ಅಂತ ಒಂದು ವರ್ಷದ ಕೋರ್ಸ್ ಇದೆ. ಐಟಿ ಸಪೋರ್ಟ್ ಕೆಲಸಕ್ಕೆ ಇರುವ ಕಂಪ್ಟಿಯಾ ಎ ಪ್ಲಸ್ ಪರೀಕ್ಷೆಗೆ ಎರಡು ಪೇಪರ್. ಫೀಸು ಜಾಸ್ತಿ ಅನಿಸಿದರೆ ಪರೀಕ್ಷೆ ಬರೆಯದೆ ಅದರ ಸಿಲಬಸ್ ಮಾತ್ರ ಹಿಡಿದು ಓದಬಹುದು. ನೆಟ್‌ವರ್ಕ್ ಕಲಿಯಲು ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯ ಉಚಿತ ಪಾಠಗಳಿವೆ. ಇಷ್ಟು ಓದಿ ಯಾವುದಾದರೂ ಕಂಪ್ಯೂಟರ್ ಅಂಗಡಿಯಲ್ಲಿ ಆರು ತಿಂಗಳು, ಒಂದು ಪ್ರೆಸ್‌ನಲ್ಲಿ ಆರು ತಿಂಗಳು ಕೆಲಸ ಮಾಡಿ. ಸಂಬಳ ಕಡಿಮೆ ಇದ್ದರೂ ಪರವಾಗಿಲ್ಲ. ಈ ಒಂದು ವರ್ಷವನ್ನು ದಯವಿಟ್ಟು ಬಿಡಬೇಡಿ.

ನಮ್ಮ ಊರಿನಲ್ಲಿ ಬರುವ ದೂರುಗಳು ಎಣಿಸಿದಷ್ಟೇ. ಕಂಪ್ಯೂಟರ್ ನಿಧಾನ ಅನ್ನುತ್ತಾರೆ. ಎಷ್ಟೋ ಸಲ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದರೆ ಅದೇ ಕಂಪ್ಯೂಟರ್ ಇನ್ನೂ ಕೆಲವು ವರ್ಷ ನಡೆಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಯಾವ ಯಂತ್ರಕ್ಕೆ ವಿಂಡೋಸ್ 11 ಹಾಕಬಹುದು, ಯಾವುದಕ್ಕೆ ಆಗುವುದಿಲ್ಲ ಅಂತ ಹೇಳಲು ಬರಬೇಕು.

ಮಲೆನಾಡಿನ ನಿಜವಾದ ಶತ್ರು ಸಿಡಿಲು. ಮುಂಗಾರಿಗೆ ಮೊದಲು, ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ರೂಟರ್, ಕ್ಯಾಮೆರಾ, ಟಿವಿ ಒಟ್ಟಿಗೇ ಹೋಗುತ್ತವೆ. ಸಿಡಿಲಿನ ಹೊಡೆತ ಕರೆಂಟ್ ಲೈನಿನಿಂದ ಮಾತ್ರ ಬರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಬಂಗಲೆಯಿಂದ ಕಾಟೇಜ್‌ಗೆ ಬಯಲಿನಲ್ಲಿ ಎಳೆದ ತಾಮ್ರದ ನೆಟ್ ಕೇಬಲ್‌ನಿಂದಲೂ ಬರುತ್ತದೆ. ಜೊತೆಗೆ ಆ ಕೇಬಲ್‌ಗೆ 100 ಮೀಟರ್ ಮಿತಿ ಇದೆ. ತೋಟದಲ್ಲಿ ಕಟ್ಟಡಗಳು ಎಷ್ಟೋ ಸಲ ಅದಕ್ಕಿಂತ ದೂರ ಇರುತ್ತವೆ. ಹೊರಗೆ ಹೋಗುವ ದಾರಿಗೆಲ್ಲ ಫೈಬರ್ ಹಾಕಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್‌ಗೆ ಜೋಡಿಸುವ ಡಬ್ಬಿ) ಇಡಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಒಳಗೆ ಉಕ್ಕಿನ ತಂತಿ ಇಲ್ಲದ ಫೈಬರ್ ಕೇಳಿ ತಗೊಳ್ಳಿ. ಈ ಒಂದು ಸಲಹೆಯಿಂದಲೇ ನನಗೆ ಎರಡು ಎಸ್ಟೇಟ್‌ಗಳ ಖಾಯಂ ಕೆಲಸ ಸಿಕ್ಕಿತು.

ಬ್ಯಾಕಪ್ ಬಗ್ಗೆ ಹಟ ಹಿಡಿಯಿರಿ. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಊರಿನಲ್ಲೋ ಕ್ಲೌಡ್‌ನಲ್ಲೋ. ಪ್ರತಿ ತಿಂಗಳೂ ಒಂದು ಫೈಲನ್ನು ಬ್ಯಾಕಪ್‌ನಿಂದ ವಾಪಸ್ ತೆಗೆದು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ನಂಬಬೇಡಿ.

ಹೆಜ್ಜೆ 4: ಎರಡೂ ಸೇರುವ ಕೆಲಸ ಹುಡುಕಿ

"ಲೋಗೋ ಮಾಡುತ್ತೇನೆ, ಕಂಪ್ಯೂಟರ್ ರಿಪೇರಿಯೂ ಮಾಡುತ್ತೇನೆ" ಅಂದರೆ ಕೇಳಿದವರಿಗೆ ಎರಡೂ ಅರ್ಧಂಬರ್ಧ ಅನಿಸುತ್ತದೆ. ಅವರ ಒಂದು ಕಷ್ಟವನ್ನು ಪೂರ್ತಿ ಬಿಡಿಸುವ ಹಾಗೆ ಹೇಳಿ.

ಒಮ್ಮೆ ಆಲ್ದೂರು ಕಡೆಯ ಹೋಮ್‌ಸ್ಟೇ ಯಜಮಾನರೊಬ್ಬರು ಫೋನ್ ಮಾಡಿದರು. "ನೆಟ್ ಬರ್ತಿಲ್ಲ ಅಂತ ಗೆಸ್ಟ್ ಎಲ್ಲ ಬೈತಾರೆ ಕಣಪ್ಪಾ, ಸ್ವಲ್ಪ ಬಂದು ನೋಡ್ತೀಯಾ?" ಹೋಗಿ ನೋಡಿದೆ. ದಪ್ಪ ಕಲ್ಲಿನ ಗೋಡೆ, ರೂಟರ್ ಇದ್ದದ್ದು ಆಫೀಸ್ ರೂಮಿನ ಬೀರುವಿನ ಹಿಂದೆ. ಅದನ್ನು ಹಜಾರಕ್ಕೆ ತಂದು, ಹಿಂದಿನ ಕಾಟೇಜ್‌ಗೆ ವೈಫೈ ಹರಡುವ ಇನ್ನೊಂದು ಡಬ್ಬಿ, ಆಕ್ಸೆಸ್ ಪಾಯಿಂಟ್, ಹಾಕಿದೆ. ವೈಫೈ ಅಲೆಗಳಲ್ಲಿ 5 ಗಿಗಾಹರ್ಟ್ಸ್‌ಗೆ ವೇಗ ಹೆಚ್ಚು, ಆದರೆ ಗೋಡೆ ದಾಟುವುದರಲ್ಲಿ 2.4 ಗಿಗಾಹರ್ಟ್ಸ್ ಮುಂದು. ಅತಿಥಿಗಳಿಗೆ ಬೇರೆ ನೆಟ್‌ವರ್ಕ್ ಮಾಡಿದೆ. ಬಿಲ್ಲಿಂಗ್ ಕಂಪ್ಯೂಟರ್ ಮತ್ತು ಕ್ಯಾಮೆರಾ ಇರುವ ನೆಟ್‌ವರ್ಕ್‌ಗೆ ಹೊರಗಿನವರು ಸೇರಬಾರದು.

ಅಷ್ಟಕ್ಕೇ ಬಂದಿದ್ದರೆ ಅದು ಬರೀ ರಿಪೇರಿ. ಆ ಮನೆಯಲ್ಲಿ ಪ್ರತಿ ಅತಿಥಿಯೂ ಅಡುಗೆಮನೆಗೆ ಬಂದು ವೈಫೈ ಪಾಸ್‌ವರ್ಡ್ ಕೇಳುತ್ತಿದ್ದರು. ಅಮ್ಮನವರು ಒಲೆ ಮುಂದಿನಿಂದ ಎದ್ದು ಬಂದು ಹೇಳಬೇಕಿತ್ತು. ನಾನು ಪ್ರತಿ ರೂಮಿಗೂ ಒಂದು ಚಿಕ್ಕ ಕಾರ್ಡ್ ಮಾಡಿಕೊಟ್ಟೆ. ವೈಫೈಗೆ ಸ್ಕ್ಯಾನ್ ಮಾಡುವ ಕ್ಯೂಆರ್, ಊಟದ ಹೊತ್ತು, ಬಿಸಿನೀರು ಬರುವ ಹೊತ್ತು, ಜಿಗಣೆ ಕಚ್ಚಿದರೆ ಏನು ಮಾಡಬೇಕು, ಕರೆಂಟ್ ಹೋದರೆ ಟಾರ್ಚ್ ಎಲ್ಲಿದೆ. ಅವರ ತೋಟದ ಕಾಫಿ ಹೂವನ್ನೇ ಗೆರೆಯಲ್ಲಿ ಬಿಡಿಸಿ ಮೂಲೆಗೆ ಇಟ್ಟೆ. ಆಮೇಲೆ ವೆಬ್‌ಸೈಟ್ ನೋಡಿದೆ. ಮುಖಪುಟದಲ್ಲಿ ಒಂದೊಂದು ಫೋಟೋ 5 ಎಂಬಿ ಇತ್ತು. ಬೆಂಗಳೂರಿನಲ್ಲಿ ಬುಕ್ ಮಾಡುವಾಗ ಅದು ಹೇಗೋ ತೆರೆದುಕೊಳ್ಳುತ್ತದೆ. ತಿರುವಿನಲ್ಲಿ ಸಿಗ್ನಲ್ ಒಂದು ಕಡ್ಡಿ ಇರುವಾಗ, ದಾರಿ ಹುಡುಕಲು ತೆರೆದರೆ ಬರುವುದಿಲ್ಲ. ಫೋಟೋಗಳನ್ನು 200 ಕೆಬಿ ಒಳಗೆ ತಂದು, ದಾರಿ ಹೇಳಲು ಫೋಟೋ ಇಲ್ಲದ ಬೇರೆ ಪುಟ ಮಾಡಿದೆ. ಅವರು ಈಗ ನನಗೆ ವರ್ಷಕ್ಕೊಮ್ಮೆ ದುಡ್ಡು ಕೊಡುತ್ತಾರೆ, ಮತ್ತು ಅಕ್ಕಪಕ್ಕದ ಮೂರು ಮನೆಗೆ ನನ್ನ ನಂಬರ್ ಕೊಟ್ಟಿದ್ದಾರೆ.

ಇಂಥದ್ದೇ ಇನ್ನೊಂದು ಕೆಲಸ ಕಾಫಿ ಪುಡಿ ಪೊಟ್ಟಣ. ಸ್ವಂತ ಬ್ರ್ಯಾಂಡ್ ಮಾಡುವ ಬೆಳೆಗಾರರು ಈಗ ಜಾಸ್ತಿ. ಅವರಿಗೆ ಚೆಂದದ ಚಿತ್ರ ಬೇಕು, ನಿಜ. ಆದರೆ ಲೇಬಲ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ಅಥವಾ ತುಂಬಿದ ದಿನ ಎಲ್ಲ ಬರಬೇಕು. ಚಿಕೋರಿ ಬೆರೆಸಿದ್ದರೆ ಕಾಫಿ ಶೇ. ಎಷ್ಟು, ಚಿಕೋರಿ ಶೇ. ಎಷ್ಟು ಅಂತ ಬರೆಯಲೇಬೇಕು, ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಆ ಗುರುತು ಹಾಕಲು ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು. ಸುಮ್ನೆ ಚೆಂದ ಕಾಣುತ್ತದೆ ಅಂತ ಹಾಕಿಕೊಡಬೇಡಿ.

ಬಾರ್‌ಕೋಡ್ ವಿಷಯದಲ್ಲಿ ನಿಮ್ಮ ಎರಡೂ ವಿದ್ಯೆ ಒಟ್ಟಿಗೆ ಕೆಲಸಕ್ಕೆ ಬರುತ್ತವೆ. 13 ಅಂಕಿಯ ಬಾರ್‌ಕೋಡ್‌ನ ಪ್ರಮಾಣಿತ ಅಗಲ ಸುಮಾರು 37 ಮಿ.ಮೀ. ಅದನ್ನು ಶೇ. 80ಕ್ಕಿಂತ ಚಿಕ್ಕದು ಮಾಡಬಾರದು. ಎರಡೂ ಪಕ್ಕ ಖಾಲಿ ಜಾಗ ಬಿಡಬೇಕು. ಕೆಂಪು ಗೆರೆಯಲ್ಲಿ ಮುದ್ರಿಸಿದರೆ ಕೆಂಪು ಬೆಳಕಿನ ಸ್ಕ್ಯಾನರ್‌ಗೆ ಕಾಣುವುದಿಲ್ಲ. ಹೊಳೆಯುವ ಪೊಟ್ಟಣದ ಮೇಲೆ ಕೆಳಗೊಂದು ಬಿಳಿ ಚೌಕ ಬೇಕು. ಡಿಸೈನ್ ಮುಗಿದ ಮೇಲೆ ಒಂದು ಪೊಟ್ಟಣ ತಗೊಂಡು ಅಂಗಡಿಗೆ ಹೋಗಿ, ಅವರ ಬಿಲ್ಲಿಂಗ್ ಯಂತ್ರದಲ್ಲೇ ಸ್ಕ್ಯಾನ್ ಮಾಡಿಸಿ ನೋಡಿ. ಅದಾದ ಮೇಲೇ ಸಾವಿರಗಟ್ಟಲೆ ಮುದ್ರಣಕ್ಕೆ ಕೊಡಿ.

ಹೆಜ್ಜೆ 5: ದುಡ್ಡು ಮತ್ತು ಕಾಗದ

ದರ ಹೇಳಲು ನಾಚಿಕೆ ಬೇಡ. ಲೆಕ್ಕ ಹೀಗೆ ಹಾಕಿ. ಮನೆಗೆ ತಿಂಗಳಿಗೆ 30,000 ಬೇಕು, ಪೆಟ್ರೋಲ್, ನೆಟ್, ಸಾಫ್ಟ್‌ವೇರ್, ಕಂಪ್ಯೂಟರ್ ಸವಕಳಿಗೆ 14,000 ಅಂತ ಇಟ್ಟುಕೊಳ್ಳಿ. ತಿಂಗಳಿಗೆ 22 ದಿನ, ದಿನಕ್ಕೆ ದುಡ್ಡು ಬರುವ ಕೆಲಸ ನಾಲ್ಕು ಗಂಟೆ. ಉಳಿದ ಹೊತ್ತು ಊರೊಳಗಿನ ಓಡಾಟಕ್ಕೆ, ಫೋನಿಗೆ, ಕಲಿಯುವುದಕ್ಕೆ ಹೋಗುತ್ತದೆ. 44,000ವನ್ನು 88 ಗಂಟೆಗೆ ಹಂಚಿದರೆ ಗಂಟೆಗೆ 500 ರೂಪಾಯಿ. ಮೂಡಿಗೆರೆಯಂಥ ದೂರದ ಕೆಲಸವಾದರೆ ಹೋಗಿ ಬರುವ ಹೊತ್ತಿಗೂ ಇದೇ ದರ ಸೇರಿಸಿ. "ಬರೀ ಒಂದು ವೈರ್ ಅಲ್ವಾ" ಅನ್ನುವವರಿಗೆ ಈ ಲೆಕ್ಕ ತೋರಿಸಬೇಕಿಲ್ಲ, ನಿಮಗೆ ಗೊತ್ತಿದ್ದರೆ ಸಾಕು.

ಬಿಡಿ ಕೆಲಸಕ್ಕಿಂತ ವಾರ್ಷಿಕ ಒಪ್ಪಂದಕ್ಕೆ ಒತ್ತು ಕೊಡಿ. ವರ್ಷಕ್ಕೆ ನಾಲ್ಕು ಭೇಟಿ, ಫೋನಿನಲ್ಲಿ ನೆರವು, ರೇಟ್ ಕಾರ್ಡ್ ಮತ್ತು ಮೆನು ಎರಡು ಸಲ ತಿದ್ದಿಕೊಡುವುದು, ಹಬ್ಬಕ್ಕೊಂದು ಪೋಸ್ಟರ್. ಯಾವುದು ಒಪ್ಪಂದದಲ್ಲಿ ಇಲ್ಲ ಅನ್ನುವುದನ್ನೂ ಬರೆಯಿರಿ. ಡಿಸೈನ್ ಕೆಲಸಕ್ಕೆ ಅರ್ಧ ಮುಂಗಡ, ಎರಡು ಸಲ ತಿದ್ದುಪಡಿ, ಆಮೇಲೆ ಹೆಚ್ಚಿನ ದರ.

ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ. ಸಾಲ ಬೇಕಿದ್ದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಕೇಳಬಹುದು.

ಹೆಜ್ಜೆ 6: ನಂಬಿಕೆ ಉಳಿಸಿಕೊಳ್ಳಿ

ನಿಮ್ಮ ಕೈಗೆ ಜನರ ಪಾಸ್‌ವರ್ಡ್, ಮನೆಯ ಫೋಟೋ, ಲೆಕ್ಕದ ಫೈಲು ಎಲ್ಲ ಬರುತ್ತವೆ. ರಿಪೇರಿಗೆ ಬಂದ ಕಂಪ್ಯೂಟರ್‌ನಲ್ಲಿ ಬೇಕಿಲ್ಲದ ಫೋಲ್ಡರ್ ತೆರೆಯಲೇಬೇಡಿ. ಪಾಸ್‌ವರ್ಡನ್ನು ಅವರ ಕೈಯಿಂದಲೇ ಹಾಕಿಸಿ. ವೆಬ್‌ಸೈಟ್ ಡೊಮೈನ್ (ಅದರ ವಿಳಾಸ) ಗಿರಾಕಿಯ ಹೆಸರಿನಲ್ಲಿ, ಗಿರಾಕಿಯ ಇಮೇಲ್‌ನಲ್ಲೇ ನೋಂದಣಿ ಆಗಬೇಕು. ಅದನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಂಡು ಹಿಡಿತ ಸಾಧಿಸುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ಕಳ್ಳ ಸಾಫ್ಟ್‌ವೇರ್ ಹಾಕಿಕೊಡಬೇಡಿ. ಅದರ ಜೊತೆಗೇ ವೈರಸ್ ಬರುತ್ತದೆ, ಹೆಸರು ಕೆಡುವುದು ನಿಮ್ಮದು. ಯಾರಾದರೂ ಆನ್‌ಲೈನ್ ಮೋಸಕ್ಕೆ ಸಿಕ್ಕು ನಿಮಗೆ ಫೋನ್ ಮಾಡಿದರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಉಳಿದ ಮಾತು ಆಮೇಲೆ.

ಹೆಜ್ಜೆ 7: ತೋಟದ ಕ್ಯಾಲೆಂಡರ್ ಹಿಡಿದು ಕೆಲಸ ಹಂಚಿ

ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಹೊಸ ವರ್ಷದ ಮೇಲೆ ರೊಬಸ್ಟಾ. ಆಗ ಎಸ್ಟೇಟ್‌ನವರಿಗೆ ಮಾತಾಡಲೂ ಪುರುಸೊತ್ತಿಲ್ಲ. ವೆಬ್‌ಸೈಟ್ ಮಾತು ಆಗ ಎತ್ತಬೇಡಿ, ಪ್ರಿಂಟರ್ ಕೆಟ್ಟರೆ ಮಾತ್ರ ಓಡಿ ಹೋಗಿ. ಹೋಮ್‌ಸ್ಟೇಗಳ ಬೋರ್ಡ್, ಮೆನು, ಫೋಟೋ ಕೆಲಸವನ್ನು ದಸರಾಕ್ಕೆ ಮೊದಲು ಮುಗಿಸಿ. ಮದುವೆ ಕಾರ್ಡ್‌ಗಳು ತಾವಾಗಿ ಬರುತ್ತವೆ. ಜೋರು ಮಳೆಯ ಎರಡು ತಿಂಗಳು ಹೊಸದು ಕಲಿಯಲು ಇಟ್ಟುಕೊಳ್ಳಿ.

ಮಾರ್ಚ್ ಕೊನೆಯಲ್ಲಿ, ಗುಡುಗು ಶುರುವಾಗುವ ಮೊದಲು ಎಲ್ಲ ಖಾಯಂ ಗಿರಾಕಿಗಳ ಮನೆಗೂ ಒಂದು ಸುತ್ತು ಹೋಗಿ. ಅರ್ತಿಂಗ್ ನೋಡಿಸಿ, ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ, ಬ್ಯಾಕಪ್ ತೆಗೆಯಿರಿ. ನನ್ನ ಚೀಲದಲ್ಲಿ ಆಗ ಸ್ಕ್ರೂಡ್ರೈವರ್ ಸೆಟ್, ಕ್ರಿಂಪಿಂಗ್ ಟೂಲ್, ಕೇಬಲ್ ಟೆಸ್ಟರ್, ಒಂದು ಹೆಚ್ಚುವರಿ ರೂಟರ್, ಅಳತೆ ಟೇಪು ಇರುತ್ತವೆ. ಜೊತೆಗೆ ಆ ಗಿರಾಕಿ ಬಳಸುವ ಫಾಂಟ್‌ಗಳೇ ಇರುವ ಪೆನ್‌ಡ್ರೈವ್ ಮತ್ತು ಲ್ಯಾಮಿನೇಟ್ ಮಾಡಿದ ಒಂದು ಹಾಳೆ. ಆ ಹಾಳೆಯಲ್ಲಿ ರಾಷ್ಟ್ರ, ಲಕ್ಷ್ಮೀ, ಅರ್ಘ್ಯ, ಉಜ್ಜ್ವಲ, ಜ್ಯೋತ್ಸ್ನೆ, ಹೋಮ್‌ಸ್ಟೇ ಅಂತ ಕಷ್ಟದ ಪದಗಳಷ್ಟೇ ಇವೆ. ಯಾವ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದರೂ ಅದೇ ಪದಗಳನ್ನು ಅಲ್ಲೇ ಪ್ರಿಂಟ್ ತೆಗೆದು, ಎರಡು ಹಾಳೆಯನ್ನೂ ಪಕ್ಕ ಪಕ್ಕ ಇಟ್ಟು ಓದುತ್ತೇನೆ. ಎಲ್ಲ ಒತ್ತಕ್ಷರ ಹೊಂದಿದ ಮೇಲೇ ನಾನು ಅಲ್ಲಿಂದ ಏಳುವುದು.